ಒಬ್ಬಟ್ಟಿಗೂ ಅನ್ವಯಿಸಿದ ಪ್ರತಿಜ್ಞೆ

೧೯೯೨ರ ನವೆಂಬರ್‌ನ ಒಂದು ಗುರುವಾರ, ಸಂಜೆ ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ, ಸಿಡ್ನಿಯ ಲಿವರ್‌ಪೂಲ್‌ನ ತಮ್ಮ ಮನೆಯಲ್ಲಿ, ಪೆಥಾಲಜಿ ಲ್ಯಾಬಿನ ತಿರುಮಲೇಶ್ ಒಬ್ಬಟ್ಟಿನ ಡಬ್ಬಿ ಹಿಡಿದು ಅತಿಥಿಯ ಪಕ್ಕದಲ್ಲಿ ಒತ್ತಾಯ ಮಾಡಲಾಗದೆ ನಿಂತಿದ್ದರು.

ಕಾರಣ ಅವರ ಪಕ್ಷ. ಸರ್ಕಾರ ಆದಷ್ಟೂ ಕಡಿಮೆ ಇರಬೇಕೆನ್ನುವ ಆ ಸಣ್ಣ ಪಕ್ಷಕ್ಕೆ ಸೇರುವವರು, ಯಾರ ಮೇಲೂ ತಾವಾಗಿ ಮೊದಲು ಬಲಪ್ರಯೋಗ ಮಾಡುವುದಿಲ್ಲ ಎಂದು ಪ್ರತಿಜ್ಞೆಗೆ ಸಹಿ ಹಾಕಬೇಕಿತ್ತು. ಉಳಿದವರು ಓದದೆ ಹಾಕಿದರು. ತಿರುಮಲೇಶ್ ಓದಿ, ಮನೆಗೂ ಅನ್ವಯಿಸಿದರು. ಮಗಳು ಮಹತಿಯನ್ನು ಸಂಗೀತ ಪಾಠಕ್ಕೆ ಎಳೆದೊಯ್ಯುವುದು ನಿಂತಿತು. ಪಕ್ಷವನ್ನು ಮನಸಾರೆ ಮೆಚ್ಚಿದವಳು ಅವಳೊಬ್ಬಳೇ. ವಯಸ್ಸು ಹನ್ನೊಂದು, ಸದಸ್ಯತ್ವಕ್ಕೆ ಸಾಲದು.

ಚುನಾವಣೆಗೆ ನೋಂದಣಿಯಾಗಲು ಐನೂರು ಸದಸ್ಯರು ಬೇಕು. ಒಬ್ಬರು ಕಡಿಮೆ. ಶನಿವಾರ ಮೆಲ್ಬರ್ನಿನಲ್ಲಿ ನಡೆಯುವ ಪಕ್ಷದ ಸಭೆಗೆ ಮೊದಲು ಸಿಗದಿದ್ದರೆ ತಿರುಮಲೇಶರ ಮೂರು ವರ್ಷದ ಓಡಾಟ ನೀರುಪಾಲು. ಆ ಒಬ್ಬರಾಗಲೆಂದೇ ನಿವೃತ್ತ ಎಂಜಿನಿಯರ್ ಮೂರ್ತಿಯವರನ್ನು ಊಟಕ್ಕೆ ಕರೆದಿದ್ದರು. ಮೂರ್ತಿ ಮೈಸೂರಿನವರು, ಎರಡು ಸಲ ಬೇಡವೆನ್ನದೆ ಯಾವುದನ್ನೂ ಒಪ್ಪಿಕೊಂಡವರಲ್ಲ.

"ಇನ್ನೊಂದು ಒಬ್ಬಟ್ಟು, ಸರ್?"

"ಅಯ್ಯೋ, ಬೇಡ ಬೇಡ. ಹೊಟ್ಟೆ ತುಂಬಿದೆ."

"ಸರಿ ಸರ್." ತಿರುಮಲೇಶ್ ಡಬ್ಬಿಯ ಮುಚ್ಚಳ ಹಾಕಿದರು. ಮೂರ್ತಿಯವರ ಕಣ್ಣು ಡಬ್ಬಿಯ ಹಿಂದೆಯೇ ಹೋಯಿತು.

ಸದಸ್ಯತ್ವದ ಅರ್ಜಿಯ ಗತಿಯೂ ಅದೇ. "ನಂಗ್ಯಾಕ್ರೀ ಪಾಲಿಟಿಕ್ಸು, ಈ ವಯಸ್ಸಲ್ಲಿ," ಎಂದರು ಮೂರ್ತಿ, ಜೇಬಿನಿಂದ ಪೆನ್ನು ತೆಗೆಯುತ್ತಾ.

"ನಿಮ್ಮಿಷ್ಟ ಸರ್," ಎಂದು ತಿರುಮಲೇಶ್ ಅರ್ಜಿ ಮಡಿಸಿಟ್ಟರು.

ಮೂರ್ತಿ ಮುಖ ಬಿಗಿದುಕೊಂಡು ಎದ್ದೇಬಿಟ್ಟರು. ಆಗ ಅಡುಗೆಮನೆಯಿಂದ ತಿರುಮಲೇಶರ ಹೆಂಡತಿ ಜಯಲಕ್ಷ್ಮಿ ಬಂದರು.

"ಕೂತ್ಕೊಳ್ಳಿ ಅಂಕಲ್. ಪ್ರತಿಜ್ಞೆ ಮಾಡಿರೋದು ಇವರು, ನಾನಲ್ಲ." ತಟ್ಟೆಗೆ ಎರಡು ಒಬ್ಬಟ್ಟು ಬಿದ್ದವು, ಮೇಲೆ ತುಪ್ಪ, ಮೂರ್ತಿ ಅಡ್ಡ ಹಿಡಿದ ಕೈಯ ಮೇಲೂ ಸ್ವಲ್ಪ. "ತಿನ್ನಿ. ಆಮೇಲೆ ಕೈ ತೊಳ್ಕೊಂಡು ಇಲ್ಲಿ ಸೈನ್ ಹಾಕಿ. ಹಾಕೋವರೆಗೂ ಟೇಬಲ್ ಮೇಲಿದ್ದ ನಿಮ್ಮ ಕಾರ್ ಕೀ ನನ್ನತ್ರಾನೇ ಇರತ್ತೆ."

"ಇಷ್ಟು ಹೇಳಿದ್ಮೇಲೆ ಇಲ್ಲ ಅನ್ನಕ್ಕಾಗತ್ತೇನಮ್ಮಾ," ಎಂದು ಮೂರ್ತಿ ತೃಪ್ತಿಯಿಂದ ಕೂತರು.

"ಜಯಾ, ಇದು ಪಕ್ಷದ ತತ್ತ್ವಕ್ಕೆ..."

"ನೀವು ಸುಮ್ನಿರಿ."

ಶನಿವಾರ ಮೆಲ್ಬರ್ನಿನಲ್ಲಿ ಐನೂರನೆಯ ಅರ್ಜಿಗೆ ಜೋರು ಚಪ್ಪಾಳೆ ಬಿತ್ತು. ಅಧ್ಯಕ್ಷರು ತಿರುಮಲೇಶರನ್ನು ಎದ್ದು ನಿಲ್ಲಿಸಿ, ಪ್ರತಿಜ್ಞೆ ಮುರಿಯದೆ ಇದುವರೆಗೆ ಎಷ್ಟು ಜನರನ್ನು ಸೇರಿಸಿದಿರಿ, ಎಲ್ಲರಿಗೂ ಕೇಳಿಸುವಂತೆ ಹೇಳಿ ಎಂದರು. ತಿರುಮಲೇಶ್ ಕನ್ನಡಕ ಸರಿಪಡಿಸಿಕೊಂಡು, ಲ್ಯಾಬಿನಲ್ಲಿ ರಿಪೋರ್ಟ್ ಓದುವ ದನಿಯಲ್ಲೇ ಹೇಳಿದರು:

"ಸೊನ್ನೆ."