ಕರಡಿಗೆಯ ಕೀಲಿನಲ್ಲಿ ಕಬ್ಬಿಣ

ಬಾಗಲಕೋಟೆಯ ಸ್ಕ್ಯಾನಿಂಗ್ ಸೆಂಟರಿಗೆ ಹೋದ ದಿನದ ಬಗ್ಗೆ ನನ್ನ ತಂಗಿ ಹೇಳುವುದು ಬೇರೆ, ನಾನು ಹೇಳುವುದು ಬೇರೆ. ಇದು ನನ್ನದು. ನಂಬಲೇಬೇಕೆಂದಿಲ್ಲ.

ಅವ್ವನ ಎಡಗಾಲಿನ ಶಕ್ತಿ ಇಳಿಯುತ್ತ ಬಂದಿತ್ತು. ಬೆನ್ನಿನ ಎಂಆರ್‌ಐ ನೋಡದೆ ಆಪರೇಷನ್ನಿನ ಮಾತೇ ಬೇಡ ಎಂದಿದ್ದರು ಡಾಕ್ಟರು. ಒಳಗೆ ಲೋಹ ಒಯ್ಯುವಂತಿಲ್ಲ. ಅವ್ವ ಬಳೆ, ಮೂಗುತಿ, ತಾಳಿ ಎಲ್ಲ ಮಾತಿಲ್ಲದೆ ತೆಗೆದುಕೊಟ್ಟಳು. ಉಳಿದದ್ದು ಕೊರಳಿನ ಬೆಳ್ಳಿಯ ಕರಡಿಗೆ, ಅದರೊಳಗಿನ ಇಷ್ಟಲಿಂಗ. ದೀಕ್ಷೆಯಾದಂದಿನಿಂದ ಅದು ಅವಳ ಮೈ ಬಿಟ್ಟು ಇಳಿದಿಲ್ಲ. ಹೆರಿಗೆಗೂ ಇಳಿದಿಲ್ಲ.

"ಅವ್ವಾರ, ಅದನ್ನೂ ತಗೀರಿ," ಅಂದ ಟೆಕ್ನೀಷಿಯನ್.

"ಜೀವಾ ತಗದು ಹೊರಗಿಟ್ಟು ಬಾ ಅಂತೀಯೇನಪಾ?"

ಹುನಗುಂದದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು ನಾನು. ಗೋಡೆಯ ಆವರ್ತಕ ಕೋಷ್ಟಕ ತೋರಿಸಿ, ವಸ್ತು ಯಾವುದೇ ಇರಲಿ, ಕೊನೆಗೆ ಈ ಚೌಕಗಳಲ್ಲೇ ಸಿಗಬೇಕು ಎಂದು ಪ್ರತಿ ವರ್ಷ ಹೇಳುತ್ತೇನೆ. ಬೆಳ್ಳಿಯನ್ನು ಆಯಸ್ಕಾಂತ ಎಳೆಯುವುದಿಲ್ಲ. ಅಷ್ಟು ತೋರಿಸಿದರೆ ಮುಗಿಯಿತು ಎಂದು ಶಾಲೆಯ ಆಯಸ್ಕಾಂತವನ್ನು ಬ್ಯಾಗಿನಲ್ಲಿ ತಂದಿದ್ದೆ.

"ನೋಡ್ರಿ, ಅಪ್ಪಟ ಬೆಳ್ಳಿ. ಹಿಡಿಯೂದುಲ್ಲ," ಎಂದು ಆಯಸ್ಕಾಂತವನ್ನು ಕರಡಿಗೆಗೆ ಹಚ್ಚಿದೆ.

ಮುಚ್ಚಳದ ಕೀಲಿನ ಹತ್ತಿರ ಹಿಡಿಯಿತು.

ಟಕ್ ಎಂದು ಸದ್ದಾಯಿತು ಎಂದು ಬರೆಯಲು ಕೈ ಹೋಗುತ್ತದೆ. ಕೀಲಿನೊಳಗಿನ ಅಷ್ಟು ಸಣ್ಣ ಮೊಳೆಗೆ ಸದ್ದು ಎಲ್ಲಿಂದ? ತಂಗಿಯೂ ಕೇಳಿಲ್ಲವಂತೆ. ಆದರೆ ಬಿಡಿಸಿಕೊಳ್ಳಲು ತುಸು ಎಳೆಯಬೇಕಾಯಿತು, ಅದು ನಿಜ.

"ನಮ್ಮಪ್ಪ ಇಳಕಲ್ಲಾಗ ಎದುರಿಗೆ ಕುಂತು ಮಾಡಿಸಿದ್ದು," ಅವ್ವನ ದನಿ ಏರಿತು. "ಇದರಾಗ ಕಬ್ಬಿಣ ಎಲ್ಲಿಂದ ಬಂತು?"

"ಕೀಲು ಮುರದಾಗ ಯಾರರ ಮೊಳಿ ಹಾಕಿರಬೇಕು," ಅಂದೆ.

"ಮುರದಾ ಇಲ್ಲ."

"ಸರ, ಮೊದಲ ನಿಮ್ಮ ಆಯಸ್ಕಾಂತ ಹೊರಗಿಟ್ಟು ಬರ್ರಿ," ಅಂದ ಟೆಕ್ನೀಷಿಯನ್. "ಅದರ ಮ್ಯಾಲೆ ನಮ್ಮ ಮಷೀನಿಗೆ ಆಸೆ ಭಾಳ."

ಇಟ್ಟು ಬರುವಷ್ಟರಲ್ಲಿ ತಂಗಿ ದಾರಿ ಹುಡುಕಿದ್ದಳು. ಕರಡಿಗೆ ಬಿಟ್ಟು, ಲಿಂಗವನ್ನು ಬಿಳಿ ಅರಿವೆಯಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಳ್ಳುವುದು. ಎಷ್ಟೋ ಜನ ಹಾಗೇ ಧರಿಸುತ್ತಾರೆ. ಅವ್ವ ಒಪ್ಪಿದಳು.

"ಒಳಗಿನದು ಯಾತರದು, ಸರ?" ಟೆಕ್ನೀಷಿಯನ್ ಕೇಳಿದ.

"ಕಲ್ಲು."

"ಮ್ಯಾಲಿನ ಕರೀದು?"

ಅದು ಕಂತಿ, ಕಲ್ಲಿನ ಮೇಲಿನ ಲೇಪ. ಗೇರು, ತುಪ್ಪ, ಮಸಿ, ಬೂದಿ, ಇನ್ನೇನೋ ಅರೆದು ಹಚ್ಚುತ್ತಾರೆ ಎಂದು ಕೇಳಿದ್ದೇನೆ. ಬರೀ ಅರೆದಿದ್ದರೆ ಮಿಶ್ರಣ, ಪ್ರತಿಯೊಂದೂ ತನ್ನ ಗುಣ ಉಳಿಸಿಕೊಂಡಿರುತ್ತದೆ. ಕಾಯಿಸಿದ್ದರೆ ಹೊಸತೊಂದು ವಸ್ತುವೇ ಆಗಿರಬಹುದು. ಕಬ್ಬಿಣದ ಪುಡಿ ಬಿದ್ದಿದೆಯೋ ಇಲ್ಲವೋ, ಮಾಡಿದವರನ್ನೇ ಕೇಳಬೇಕು. ನೂರಾ ಹದಿನೆಂಟು ಚೌಕಗಳು ತಲೆಯಲ್ಲಿದ್ದವು. ಒಂದೂ ಬಾಯಿ ಬಿಡಲಿಲ್ಲ.

"ಆಯಸ್ಕಾಂತ ತರ್ತೇನಿ, ಹಚ್ಚಿ ನೋಡೂಣು," ಅಂದೆ.

"ದೇವರಿಗೆ ಸಾಲಿ ಸಾಮಾನು ಹಚ್ಚತೀಯೇನೋ? ನಾಳೆ ನನಗೂ ಹಚ್ಚಿ ನೋಡು, ಎಷ್ಟು ಖರೆ ಅದೀನಿ ಅಂತ."

"ಗೊತ್ತಿಲ್ಲದ್ದನ್ನ ಒಳಗ ಬಿಡಾಕ ಬರೂದುಲ್ರಿ. ಪಾಳಿ ತಪ್ಪಿದ್ರ ಇವತ್ತ ಆಗೂದುಲ್ಲ," ಅಂದ ಟೆಕ್ನೀಷಿಯನ್.

"ಅದು ಬರೇ ಕಲ್ಲು, ಅವ್ವಾ!" ನಾನು ಕೂಗಿದೆ. ಅದರ ಮೇಲಿನದು ಏನೆಂದು ಈಗಷ್ಟೇ ಹೇಳಲಾಗದಿದ್ದವನು.

ಅವ್ವ ಅರಿವೆ ಬಿಚ್ಚಿ, ನನ್ನ ಎಡಗೈ ಎಳೆದು ಅಂಗೈಯಲ್ಲಿ ಲಿಂಗ ಇಟ್ಟಳು. "ಬರೇ ಕಲ್ಲಾದ್ರ ಹಿಡಕೊಂಡು ಕುಂದರು. ನಾ ಬರೂತನಕ ಇಳಿಸಬ್ಯಾಡ."

ಬಾಗಿಲು ಮುಚ್ಚಿತು. ಗೋಡೆಯಾಚೆ ಯಂತ್ರ ಗದ್ದಲ ಶುರುಮಾಡಿತು. ನಾನು ಲಿಂಗ ಕಟ್ಟಿಕೊಳ್ಳುವುದು ಬಿಟ್ಟು ಬಹಳ ಕಾಲವಾಗಿದೆ. ಬೀಳಬಾರದೆಂದು ಎರಡೂ ಕೈ ಕೂಡಿಸಿ ಹಿಡಿದಿದ್ದೆ; ಜೇಬಿನಲ್ಲಿ ಫೋನು ಬಡಿದುಕೊಂಡಿತು, ಮೂಗು ತುರಿಸಿತು. ತಂಗಿಯ ಕಡೆ ಕೈ ಚಾಚಿದರೆ, "ನನಗಲ್ಲ ಹೇಳಿದ್ದು," ಎಂದು ಮುಖ ತಿರುಗಿಸಿದಳು. ತೂಕವಿದೆ, ನುಣುಪಾಗಿದೆ, ಬಣ್ಣ ಕಪ್ಪು: ಎಂಟನೆಯ ಇಯತ್ತೆಯ ಮಕ್ಕಳೂ ಇಷ್ಟು ಬರೆದಾರು. ಇದಕ್ಕಿಂತ ಹೆಚ್ಚು ನನಗೂ ಹೊಳೆಯಲಿಲ್ಲ.

ಸ್ಕ್ಯಾನ್ ಆಯಿತು. ಅವ್ವ ಹೊರಬಂದವಳೇ ಕೈ ಒಡ್ಡಿದಳು. "ಬೆವರ ಹಚ್ಚಿಟ್ಟೀಯಲ್ಲೋ," ಎನ್ನುತ್ತ ಸೆಂಟರಿನವರು ಕೊಟ್ಟ ಗೌನಿನ ತುದಿಯಿಂದ ಒರೆಸತೊಡಗಿದಳು.