ಪಾಸ್ಟರ ಉಪವಾಸ ಬಿಡಿಸಿದ್ದು

ಪಾಸ್ಟರುಗಳ ಮನೆಗೆ ಹೋಗಿ ಅವರ ಕಷ್ಟಸುಖ ವಿಚಾರಿಸುವುದು ನನ್ನ ಕೆಲಸ. ಸೊರಬದ ಪಾಸ್ಟರು ಮಾತ್ರ ಯಾವಾಗಲೂ ತಮ್ಮ ಚರ್ಚಿನ ಸಭೆಯವರ ಕಷ್ಟವನ್ನೇ ಹೇಳುತ್ತಿದ್ದರು. ಆವತ್ತು "ನೀವು ಹೇಗಿದ್ದೀರಿ?" ಎಂದು ಪಟ್ಟು ಹಿಡಿದೆ.

"ಉಪವಾಸ ಪ್ರಾರ್ಥನೇಲಿದೀನಿ" ಎಂದರು.

ಅವರ ಹೆಂಡತಿ ಅಡುಗೆಮನೆಯಿಂದ ಬಂದರು. "ಸುಳ್ಳು ರೀ. ಸಭೆ ಇಬ್ಭಾಗ ಆದಾಗಿಂದ ಇವರಿಗೆ ಅನ್ನ ಇಳೀತಿಲ್ಲ. ಜನ ಉಪವಾಸ ಅಂದ್ಕೊಂಡ್ರು, ಇವರು ಹೂಂ ಅಂದ್ಬಿಟ್ರು."

ಆಕೆ ನಮ್ಮಿಬ್ಬರಿಗೂ ಅನ್ನ ಬಡಿಸಿದರು. ನಾನು ಉಣ್ಣದೆ ಕಾದೆ. ಕೊನೆಗೆ ಅವರು ತುತ್ತೆತ್ತಿದಾಗ ಸಭೆಯ ಹಿರಿಯರೊಬ್ಬರು ಬಾಗಿಲಿಗೆ ಬಂದರು.

"ಪಾಸ್ಟ್ರೇ, ಉಪವಾಸ?"

ಪಾಸ್ಟರು ತುತ್ತನ್ನು ತಟ್ಟೆಗೆ ಇಳಿಸಿದರು.

"ನಾನೇ ಬಿಡಿಸಿದೆ" ಎಂದೆ. "ನೀವು ಉಣ್ಣಿ ಪಾಸ್ಟ್ರೇ."

ಉಪವಾಸವಿದ್ದ ಯೇಸುವಿಗೆ ರೊಟ್ಟಿಯ ಆಸೆ ಹುಟ್ಟಿಸಲು ಬಂದವನು ಸೈತಾನ. ಆ ಹಿರಿಯರ ಲೆಕ್ಕದಲ್ಲಿ ನಾನೂ ಈಗ ಅವನ ಕಡೆಯವನೇ. ಪಾಸ್ಟರ ಹೆಂಡತಿ ಮಾತ್ರ ನನ್ನನ್ನು ಕಂಡ ಕೂಡಲೇ ಎರಡು ತಟ್ಟೆ ಇಡುತ್ತಾರೆ.