ತಕರಾರು ಅರ್ಜಿ ಬರೆದವನು ನಾನೇ

ಹುಣಸೂರಿನ ನಮ್ಮ ಬೀದಿಯಲ್ಲಿ ಯಾವ ಅರ್ಜಿ ಬರೆಯಬೇಕಾದರೂ ನನ್ನ ಮನೆ ಬಾಗಿಲಿಗೇ ಬರುತ್ತಾರೆ. ಚರಂಡಿ ಕಟ್ಟಿಕೊಂಡಿತು, ಬೀದಿದೀಪ ಕೆಟ್ಟಿತು, ನಲ್ಲಿಯಲ್ಲಿ ನೀರು ಬರಲಿಲ್ಲ, ಎಲ್ಲಕ್ಕೂ ನಾನೇ. ಹುಣಸೂರು-ಕೋಟೆ ಬಸ್ ರೂಟಿನಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿದ್ದವನು. ಕುಲುಕಾಡುವ ಬಸ್ಸಿನಲ್ಲಿ ನಿಂತುಕೊಂಡು ಟಿಕೆಟ್ ಲೆಕ್ಕದ ವೇ ಬಿಲ್ ಬರೆದ ಕೈ ಇದು, ಕುರ್ಚಿಯಲ್ಲಿ ಕೂತರೆ ಅಕ್ಷರ ಮುತ್ತಿನ ಹಾಗೆ ಬೀಳುತ್ತದೆ. ಅದರ ಜಂಬವೂ ನನಗಿತ್ತು, ಸುಳ್ಳು ಯಾಕೆ ಹೇಳಲಿ.

ಹೋದ ವರ್ಷ ಬೀದಿಯ ಕೊನೆಯ ಖಾಲಿ ಜಾಗದಲ್ಲಿ ಕಾಲೇಜು ಹೆಣ್ಣುಮಕ್ಕಳಿಗೆ ಹಾಸ್ಟೆಲ್ ಕಟ್ಟುವ ಪ್ರಸ್ತಾಪ ಬಂತು. ತಕರಾರು ಇದ್ದವರು ಬರೆದು ಕೊಡಿ ಅಂತ ನಗರಸಭೆಯವರು ಕಂಬಕ್ಕೆ ನೋಟಿಸು ಅಂಟಿಸಿದರು. ಅವತ್ತೇ ಸಂಜೆ ಎದುರು ಮನೆಯ ರಿಟೈರ್ಡ್ ಮೇಷ್ಟ್ರು ನಾಲ್ಕು ಜನರನ್ನು ಕಟ್ಟಿಕೊಂಡು ಬಂದರು. "ಹೆಣ್ಮಕ್ಳು ಬಂದ್ರೆ ಹಿಂದೇನೇ ಬೈಕು ಬತ್ತವೆ ಕಣ್ರೀ. ಯಾವ್ಯಾವ ಜನ ಬಂದು ಸೇರ್ಕತಾರೋ ಏನೋ," ಅಂದರು. ಬಾಯಲ್ಲಿ ಆಡಿದ್ದನ್ನು ಹಾಗೇ ಬರೆಯೋಕಾಗುತ್ತದೆಯೇ? ಅದನ್ನು ಕಚೇರಿ ಕನ್ನಡಕ್ಕೆ ತಿರುಗಿಸೋದೇ ನನ್ನ ಕಸುಬು. 'ಯಾವ್ಯಾವ ಜನ' ಅನ್ನೋದು 'ವಸತಿ ಪ್ರದೇಶದ ಸಭ್ಯ ವಾತಾವರಣಕ್ಕೆ ಧಕ್ಕೆ' ಆಯಿತು. ಬೈಕು 'ಶಾಂತಿಭಂಗ' ಆಯಿತು. ಬರೆದು ಮುಗಿಸಿ ಮೊದಲ ಸಹಿ ನಾನೇ ಹಾಕಿದೆ. ಬರೆದವನೇ ಮೊದಲು ಸಹಿ ಹಾಕಬೇಕು ಅನ್ನೋದು ನಮ್ಮ ಬೀದಿಯ ಪದ್ಧತಿ.

ಈಗ ಒಬ್ಬ ಹುಡುಗಿಯ ವಿಷಯ ಹೇಳಬೇಕು. ಕೋಟೆಯಿಂದಾಚೆ ಕಾಡಂಚಿನ ಊರು ಅವಳದು. ನಮ್ಮ ಬೀದಿ ದಾಟಿದರೆ ಸಿಗುವ ಕಾಲೇಜಿನಲ್ಲಿ ಬಿ.ಎಸ್ಸಿ ಎರಡನೇ ವರ್ಷ. ಮಧ್ಯಾಹ್ನ ನಮ್ಮ ಜಗಲಿಯಲ್ಲಿ ಕೂತು ಊಟದ ಡಬ್ಬಿ ಬಿಚ್ಚುತ್ತಿದ್ದಳು, ನನ್ನ ಹೆಂಡತಿ ಒಂದು ಲೋಟ ಮಜ್ಜಿಗೆ ಕೊಡುತ್ತಿದ್ದಳು. ಲ್ಯಾಬು ಮುಗಿಯೋದು ಐದಕ್ಕೆ, ಅವಳ ಊರಿನ ಕೊನೇ ಬಸ್ಸು ಹೊರಡೋದು ನಾಲ್ಕೂವರೆಗೆ. ಅದು ತಪ್ಪಿದರೆ ಬೇರೆ ಬಸ್ಸು ಹತ್ತಿ ಕ್ರಾಸಿನಲ್ಲಿ ಇಳಿದು, ಆನೆ ಓಡಾಡೋ ದಾರಿಯಲ್ಲಿ ಕತ್ತಲಲ್ಲಿ ನಡೀಬೇಕು. ಟಾರ್ಚು ಹಿಡಿದು ಕಾದೂ ಕಾದೂ ಸಾಕಾಗಿ ಅವರಪ್ಪ ಹೇಳಿಬಿಟ್ಟಿದ್ದರಂತೆ, ಹಾಸ್ಟೆಲ್ ಸಿಕ್ಕಿದ್ರೆ ಓದು, ಇಲ್ದಿದ್ರೆ ಈ ವರ್ಷಕ್ಕೇ ಸಾಕು ಅಂತ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಬರೆದೆ. ಪೆನ್ನು ಹಿಡಿದರೆ ಎದುರಿಗೆ ಕೂತವರು ಹೇಳಿದ್ದಷ್ಟೇ ನನ್ನ ಕಿವಿಗೆ ಬೀಳುತ್ತದೆ, ಅದೊಂದು ರೋಗ ನನಗೆ.

ಮನೆಮನೆ ಸುತ್ತಿ ಸಹಿ ತುಂಬಿಸಿಕೊಂಡ ಅರ್ಜಿ ಮಾರನೇ ದಿನ ಜಗಲಿಯ ಮೇಲಿತ್ತು. ಹುಡುಗಿ ಊಟ ಮಾಡುತ್ತಾ ಅದನ್ನು ಪೂರ್ತಿ ಓದಿದಳು. ಆಮೇಲೆ ಡಬ್ಬಿ ಮುಚ್ಚಿ, "ತಾತ, ಶಾಂತಿಭಂಗ ಅಂದ್ರೆ ನಾವೇನಾ?" ಅಂದಳು.

ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳೋಕೆ ಕೇಳುತ್ತಿದ್ದಳು. ನಾನು ಅರ್ಜಿ ಎತ್ತಿಕೊಂಡು ಮಡಿಸತೊಡಗಿದೆ. ಒಳಗಿಂದ ನನ್ನ ಹೆಂಡತಿ, "ಹೇಳ್ರೀ, ಯಾಕೆ ಸುಮ್ನಿದೀರ? ಬರೆಯೋವಾಗ ಪದಕ್ಕೇನೂ ಬರ ಇರ್ಲಿಲ್ವಲ್ಲ," ಅಂದಳು. ಹುಡುಗಿ ಮಜ್ಜಿಗೆ ಮುಟ್ಟದೆ ಎದ್ದು ಹೋದಳು.

ತುಂಬಿದ ಆ ಲೋಟದ ಮುಂದೆ ಕೂತಾಗ ಹಳೇದೆಲ್ಲ ನೆನಪಾಯಿತು. ಬಸ್ ಪಾಸಿನ ಶಾಲೆ ಮಕ್ಕಳೆಂದರೆ ನಮ್ಮ ಕಂಡಕ್ಟರುಗಳಿಗೆ ಕಲೆಕ್ಷನ್ ಇಲ್ಲ, ನೂಕುನುಗ್ಗಲು ಬೇರೆ. ಸ್ಟಾಪಿನಲ್ಲಿ ಬರೀ ಅವರೇ ನಿಂತಿದ್ದರೆ ದೂರದಿಂದಲೇ 'ರೈಟ್ ರೈಟ್' ಅಂದುಬಿಡುತ್ತಿದ್ದೆ, ಡ್ರೈವರು ನಿಲ್ಲಿಸದೆ ಹೊಡೆಯುತ್ತಿದ್ದ. ಬ್ಯಾಗು ಹೊತ್ತು ಹಿಂದೆ ಓಡಿ ಬರುವ ಮಕ್ಕಳನ್ನು ಹಿಂದಿನ ಗಾಜಿನಲ್ಲಿ ಕಂಡು ಮುಖ ತಿರುಗಿಸಿದ್ದೇನೆ. ರಿಟೈರ್ ಆಗಿ ಮನೇಲಿ ಕೂತ ಮೇಲೂ ಅದನ್ನೇ ಮಾಡಿದ್ದೆ. ನಾಚಿಕೆಯಾಯಿತು. ಆಮೇಲೆ ಸಿಟ್ಟು ಬಂತು, ಮೊದಲು ನನ್ನ ಮೇಲೆ, ಆಮೇಲೆ ಇಡೀ ಬೀದಿಯ ಮೇಲೆ. ಆದರೆ ಅಷ್ಟರಲ್ಲಿ ಮೇಷ್ಟ್ರು ಬಂದು ಅರ್ಜಿ ತೆಗೆದುಕೊಂಡು ಹೋಗಿ ಕೊಟ್ಟಾಗಿತ್ತು.

ತಕರಾರು ಕೇಳೋಕೆ ನಗರಸಭೆಯಲ್ಲಿ ಒಂದು ಸಭೆ ಕರೆದರು. ಸಾಹೇಬರು ನನ್ನ ಅರ್ಜಿಯನ್ನು ಗಟ್ಟಿಯಾಗಿ ಓದಿ, ಬಹಳ ಚೆನ್ನಾಗಿದೆ, ಯಾರು ಬರೆದದ್ದು ಅಂತ ಕೇಳಿದರು. ನಾನು ಎದ್ದು ನಿಂತೆ. "ನಾನೇ ಸ್ವಾಮಿ. ಅಕ್ಷರ ಚೆನ್ನಾಗೈತೆ, ವಿಷಯ ಸುಳ್ಳು. ನನ್ನ ಸಹಿ ವಾಪಸ್ ತಗೋತೀನಿ. ಆ ಮಕ್ಳಿಗೆ ಹಾಸ್ಟೆಲ್ ಬೇಕು ಅಂತ ನನ್ನ ಹೆಸರಲ್ಲಿ ಬರ್ಕೊಳ್ಳಿ," ಅಂದೆ. ಮೇಷ್ಟ್ರು ಅಂಗಿ ಹಿಡಿದು ಎಳೆದರು. "ಕೂತ್ಕಳ್ರೀ, ಬೀದಿ ಮರ್ವಾದೆ ತೆಗೀಬ್ಯಾಡಿ."

"ನಾಕು ಹೆಣ್ಮಕ್ಳು ಬಂದು ಓದುದ್ರೆ ಹೋಗೋ ಮರ್ವಾದೆ ಆದ್ರೆ ಹೋಗ್ಲಿ ಬುಡಿ ಮೇಷ್ಟ್ರೇ," ಅಂದೆ. ಕೂರಲಿಲ್ಲ.

ಬೇಡ ಅನ್ನೋಕೆ ಎರಡು ಹಾಳೆ ಸಹಿ, ಬೇಕು ಅನ್ನೋಕೆ ನಾನೊಬ್ಬ. ಫೈಲು ಮೇಲಕ್ಕೆ ಹೋಗಬೇಕು, ನೋಡೋಣ ಅಂದರು ಸಾಹೇಬರು. ನೋಡೋಣ ಅಂದರೆ ಎಷ್ಟು ದಿನ ಅಂತ ಬಸ್ ಸ್ಟ್ಯಾಂಡಿನಲ್ಲಿ ಕೂದಲು ಹಣ್ಣು ಮಾಡಿಕೊಂಡ ನನಗೆ ಗೊತ್ತಿಲ್ಲವೇ. ಅಷ್ಟು ದಿನ ಅವರಪ್ಪ ಕಾಯೋ ಹಾಗಿರಲಿಲ್ಲ. ನನ್ನ ಹೆಂಡತಿ ಮಹಡಿ ಮೇಲಿನ ರೂಮಿನ ಹಳೇ ಸಾಮಾನೆಲ್ಲ ಕೆಳಗೆ ಇಳಿಸಿದಳು. ಹುಡುಗಿಯ ತಾಯಿಗೆ ಅವಳೇ ಫೋನು ಮಾಡಿದಳು. ಅವರಪ್ಪ ಬಂದು, ಬಾಗಿಲ ಚಿಲಕವನ್ನು ಎರಡು ಸಲ ಹಾಕಿ ತೆಗೆದು ನೋಡಿ, "ಆಯ್ತು ಕಣಕ್ಕ," ಅಂದರು. ಹುಡುಗಿ ಬಂದಳು, ಅದೇ ಕಡೆಯ ಇನ್ನಿಬ್ಬರು ಜೊತೆಗೆ ಬಂದರು. ಈಗ ಲ್ಯಾಬಿನಲ್ಲಿ ಐದರವರೆಗೂ ಇರುತ್ತಾರೆ.

ವಾರ ಕಳೆಯೋದರೊಳಗೆ ಮೇಷ್ಟ್ರು ಮತ್ತೆ ಅದೇ ನಾಲ್ಕು ಜನರ ಜೊತೆ ಬಾಗಿಲಿಗೆ ಬಂದರು. "ಇದು ವಾಸದ ಮನೆ. ಹಿಂಗೆ ಯಾರ್ಯಾರನ್ನೋ ತಂದು ಇಟ್ಕೊಂಡ್ರೆ ಕಂಪ್ಲೇಂಟ್ ಕೊಡ್ಬೇಕಾಯ್ತದೆ," ಅಂದರು.

ಕೂತ್ಕೊಳ್ಳಿ ಅಂದೆ. ಒಳಗೆ ಹೋಗಿ ಬಿಳೀ ಹಾಳೆ, ಪೆನ್ನು ತಂದೆ. ಕನ್ನಡಕ ಏರಿಸಿಕೊಂಡೆ.

"ಕೊಡಿ, ಬ್ಯಾಡ ಅನ್ನಲ್ಲ. ನೀವು ಹೇಳ್ತಾ ಹೋಗಿ, ನಾನೇ ಬರ್ಕೊಡ್ತೀನಿ. ಆದ್ರೆ ಈ ಸಲ ನೀವು ಆಡಿದ್ದನ್ನ ಆಡ್ದಂಗೇ ಬರೀತೀನಿ. ಒಂದು ಮಾತೂ ತಿದ್ದಲ್ಲ."

ಐದೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಹಡಿ ಮೇಲೆ ಹುಡುಗಿಯರು ಪಾಠ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದರು. ಮೇಷ್ಟ್ರು ಬಿಳೀ ಹಾಳೆಯನ್ನೊಮ್ಮೆ ನೋಡಿ, ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಟರು, ಉಳಿದವರೂ ಹಿಂದೆ ಹೋದರು. ಆ ಹಾಳೆ ಇನ್ನೂ ಜಗಲಿಯ ಮೇಲೇ ಇದೆ, ಪೆನ್ನೂ ಪಕ್ಕದಲ್ಲಿದೆ. ಯಾರಾದರೂ ಬಂದು ಹೇಳಲಿ, ಬರೆಯೋಕೆ ನಾನು ತಯಾರಿದ್ದೇನೆ.